ಟೋಪಿ ಹಾಕಿದ ಪದ

"ಯಾವ ಹೆನ್ರಿ ಮೇಡಂ? ಏಳನೆಯವನೋ, ಎಂಟನೆಯವನೋ?"

ಕೇಳಿದವರು ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ನನ್ನ ಭಾಷಣ ಮುಗಿದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎಲ್ಲರೂ ಉಪ್ಪಿಟ್ಟಿನ ಕಡೆ ತಿರುಗಿದ್ದ ಹೊತ್ತು. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ವರ್ಷವಿಡೀ ನನ್ನ ನೆನಪೇ ಇಲ್ಲದ ಸಂಘಗಳಿಗೆ ಆ ದಿನ ಮಾತ್ರ ನಾನು ಬೇಕೇ ಬೇಕು. ಒಂದು ವರ್ಷ ಒಂದೇ ದಿನದಲ್ಲಿ ಮೂರು ಶಾಲು ಹೊದ್ದು ಬಂದಿದ್ದೂ ಉಂಟು. ಮೇಷ್ಟ್ರ ದನಿಯಲ್ಲಿ ಕುಹಕ ಇರಲಿಲ್ಲ. ತಿಳಿದುಕೊಳ್ಳುವ ಆಸೆ ಅಷ್ಟೆ. ಹತ್ತು ವರ್ಷದಿಂದ ನಾನು ಊರೂರಿಗೆ ಹೇಳಿಕೊಂಡು ಬಂದಿದ್ದ ಕಥೆಯಲ್ಲಿ ರಾಜ ಯಾರು ಅಂತ ನನಗೇ ಗೊತ್ತಿರಲಿಲ್ಲ. "ಏಳನೆಯವನು ಸರ್" ಅಂದೆ. ಎರಡರಲ್ಲಿ ಒಂದು ಹೊಡೆದದ್ದು.

ಕಥೆ ಇದು. ಇಂಗ್ಲೆಂಡಿನಲ್ಲಿ ಹೆನ್ರಿ ಅಂತ ಒಬ್ಬ ರಾಜ. ಯುದ್ಧ ಮುಗಿಯಿತು. ಕೈಕಾಲು ಕಳೆದುಕೊಂಡ ಸೈನಿಕರು ಊರಿಗೆ ವಾಪಸು ಬಂದರು. ಅವರಿಗೆ ದುಡಿಯುವುದಕ್ಕೆ ಆಗುವುದಿಲ್ಲ, ಸಾಕುವುದಕ್ಕೆ ರಾಜನಿಗೆ ಮನಸ್ಸಿಲ್ಲ. ಹೋಗಿ ಭಿಕ್ಷೆ ಬೇಡಿಕೊಳ್ಳಿ ಅಂತ ಕಾನೂನು ಮಾಡಿಕೊಟ್ಟ. ಅವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬೀದಿಗೆ ಇಳಿದರು. ಕ್ಯಾಪ್ ಇನ್ ಹ್ಯಾಂಡ್. ತಿರುಗಿಸಿ ಹೇಳಿ: ಹ್ಯಾಂಡಿಕ್ಯಾಪ್. ಆದ್ದರಿಂದ ಬಂಧುಗಳೇ, ನಮ್ಮನ್ನು ಹ್ಯಾಂಡಿಕ್ಯಾಪ್ಡ್ ಅಂದಾಗಲೆಲ್ಲ ನೀವು ನಮ್ಮನ್ನು ಭಿಕ್ಷುಕರು ಅಂತ ಕರೆಯುತ್ತಿದ್ದೀರಿ.

ಇಲ್ಲಿ ನಾನು ಒಂದು ಕ್ಷಣ ನಿಲ್ಲಿಸುತ್ತಿದ್ದೆ. ಸಭೆ ತಣ್ಣಗಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರಾದರೂ ಹೆಂಗಸರು "ತ್ಚು ತ್ಚು" ಅನ್ನುತ್ತಿದ್ದರು. ಈ ಕಥೆ ನನ್ನದಲ್ಲ, ಕಚೇರಿಯವರು ಕಳಿಸಿದ್ದ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಚಿತ್ರ ಸಮೇತ ತೋರಿಸಿದ್ದು. ಅಲ್ಲಿ ಕೇಳಿದಾಗ ನನಗೂ ಮೈ ಜುಮ್ಮೆಂದಿತ್ತು. ಆಮೇಲೆ ಅದನ್ನು ನನ್ನದೇ ಮಾಡಿಕೊಂಡೆ.

ಮೇಷ್ಟ್ರು ಉಪ್ಪಿಟ್ಟಿನ ತಟ್ಟೆ ಹಿಡಿದು ಮತ್ತೆ ಹತ್ತಿರ ಬಂದರು. "ತಪ್ಪು ತಿಳೀಬೇಡಿ. ಆ ಪದ ಅಷ್ಟು ಹಳೇದಲ್ಲ ಅಂತ ಎಲ್ಲೋ ಓದಿದ ನೆನಪು. ಒಂದ್ಸಲ ನೋಡಿಬಿಡಿ" ಅಂದರು. ಆ ರಾತ್ರಿ ನೋಡಿದೆ. ಹೆನ್ರಿಯ ಕಥೆ ಶುದ್ಧ ಸುಳ್ಳು. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ, ನನಗೆ ಟೋಪಿ ಬಿದ್ದಿತ್ತು. ನಾನೂ ಹತ್ತು ವರ್ಷ ಅದೇ ಟೋಪಿಯನ್ನು ಕಂಡಕಂಡವರಿಗೆ ಹಾಕಿದ್ದೆ.

ನಿಜದ ಕಥೆಯಲ್ಲೂ ಟೋಪಿ ಇದೆ. ಆದರೆ ಟೋಪಿ ಕೈಯಲ್ಲಿಲ್ಲ, ಕೈಯೇ ಟೋಪಿಯೊಳಗಿದೆ. 'ಹ್ಯಾಂಡ್ ಇನ್ ಕ್ಯಾಪ್' ಬಾಯಲ್ಲಿ ಸವೆದು ಹ್ಯಾಂಡಿಕ್ಯಾಪ್ ಆಯಿತು. ಅದು 17ನೇ ಶತಮಾನದ ಇಂಗ್ಲೆಂಡಿನ ಹೆಂಡದಂಗಡಿಗಳಲ್ಲಿ ನಡೆಯುತ್ತಿದ್ದ ಒಂದು ಅದಲುಬದಲಿನ ಆಟ. ನಿಮ್ಮ ಹತ್ತಿರ ಒಂದು ಗಡಿಯಾರ, ನನ್ನ ಹತ್ತಿರ ಒಂದು ಕೋಟು ಅಂತ ಇಟ್ಟುಕೊಳ್ಳಿ. ಬದಲಾಯಿಸಿಕೊಳ್ಳೋಣ ಅನ್ನುತ್ತೇವೆ, ಆದರೆ ಎರಡರ ಬೆಲೆ ಒಂದೇ ಅಲ್ಲ. ಮೂರನೆಯವನೊಬ್ಬನನ್ನು ಪಂಚಾಯ್ತಿಗೆ ಕೂರಿಸುತ್ತೇವೆ. ಮೂವರೂ ಸ್ವಲ್ಪ ಸ್ವಲ್ಪ ದುಡ್ಡು ಟೋಪಿಗೆ ಹಾಕುತ್ತೇವೆ. ಪಂಚನಾದವನು ಎರಡೂ ವಸ್ತುವನ್ನು ತಿರುಗಿಸಿ ನೋಡಿ, ಕೋಟಿನವಳು ಮೇಲೆ ಇಷ್ಟು ಕೊಡಬೇಕು ಅಂತ ತೀರ್ಪು ಹೇಳುತ್ತಾನೆ. ಆಗ ನಾವಿಬ್ಬರೂ ಟೋಪಿಯೊಳಗೆ ಕೈಯಿಟ್ಟು ಒಟ್ಟಿಗೆ ಹೊರಗೆ ತೆಗೆಯಬೇಕು. ಒಪ್ಪಿಗೆಯೋ ಇಲ್ಲವೋ ಅನ್ನುವುದು ಕೈಯ ಮೇಲೇ ಗೊತ್ತಾಗುತ್ತದೆ. ಇಬ್ಬರೂ ಒಪ್ಪಿದರೆ ಅಥವಾ ಇಬ್ಬರೂ ಒಲ್ಲೆ ಅಂದರೆ ಟೋಪಿಯ ದುಡ್ಡು ಪಂಚನಿಗೆ. ಒಬ್ಬರು ಮಾತ್ರ ಒಪ್ಪಿದರೆ, ಒಪ್ಪಿದವರಿಗೆ. ಅಂದರೆ ಪಂಚನಿಗೆ ಲಾಭ ಆಗಬೇಕಾದರೆ ಇಬ್ಬರ ಮನಸ್ಸೂ ಒಂದೇ ಕಡೆ ವಾಲುವಷ್ಟು ಸರಿಯಾಗಿ ಅವನು ತೂಗಬೇಕು.

ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾ ಇಲಾಖೆಯ ಅಧಿಕಾರಿ ದಿನಚರಿ ಬರೆಯುತ್ತಿದ್ದ. 1660ರ ಸೆಪ್ಟೆಂಬರ್ 18ರ ಪುಟದಲ್ಲಿ, ಗೆಳೆಯರ ಜೊತೆ ಹ್ಯಾಂಡಿಕ್ಯಾಪ್ ಆಡಿದೆವು, ಈ ಆಟ ನನಗೆ ಮೊದಲು ಗೊತ್ತೇ ಇರಲಿಲ್ಲ, ಬಲು ಚೆನ್ನಾಗಿತ್ತು ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಏಳನೆಯ ಹೆನ್ರಿ ಆ ಹೊತ್ತಿಗೆ ಸತ್ತು ನೂರೈವತ್ತು ವರ್ಷ ದಾಟಿತ್ತು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಸಿದ್ಧಗಂಗೆ ಜಾತ್ರೆ. ನಮ್ಮದು ತುಮಕೂರಿನ ಕಡೆ. ದನದ ಜಾತ್ರೆಯಲ್ಲಿ ದಳ್ಳಾಳಿಯೂ ರೈತನೂ ಟವೆಲಿನ ಕೆಳಗೆ ಕೈ ಕೈ ಹಿಡಿದು ಬೆರಳಲ್ಲೇ ಮಾತಾಡುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ಮುಖ ಆ ಕಡೆ ಎಲ್ಲೋ, ಕೈ ಮಾತ್ರ ಟವೆಲಿನೊಳಗೆ. ಅಲ್ಲಿ ಟವೆಲು, ಇವರಿಗೆ ಟೋಪಿ. ಬೆಲೆ ಸಮ ಇಲ್ಲದ ಎರಡನ್ನು ಸಮ ಮಾಡುವುದಕ್ಕೆ ಮನುಷ್ಯರಿಗೆ ಒಂದು ಬಟ್ಟೆಯ ಮರೆ ಬೇಕಾಗುತ್ತದೆ ಅಂತ ಕಾಣುತ್ತದೆ.

ಹೆಗಲ ಮೇಲೆ ಯಾಕೆ ಕೂತಿದ್ದೆ ಅಂದರೆ, ನಡೆಯುವುದಕ್ಕೆ ಆಗುತ್ತಿರಲಿಲ್ಲ. ನಾನು ಹುಟ್ಟಿದ್ದು 1972ರಲ್ಲಿ. ಒಂದೂವರೆ ವರ್ಷಕ್ಕೆ ಜ್ವರ ಬಂತು, ಜ್ವರ ಬಿಟ್ಟಿತು, ಎಡಗಾಲು ಬಿಟ್ಟುಕೊಟ್ಟೇ ಹೋಯಿತು. ಪೋಲಿಯೊ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. 2014ರಲ್ಲಿ ದೇಶ ಪೋಲಿಯೊಮುಕ್ತ ಅಂತ ಘೋಷಣೆಯಾಯಿತು. ನಮ್ಮಂಥವರು ಇನ್ನು ಹುಟ್ಟುವುದಿಲ್ಲ ಅಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೂ ಆ ದಿನ ಪೇಪರ್ ಓದಿ, ನಾವೊಂದು ತೀರಿಹೋಗುವ ಜಾತಿ ಅನ್ನಿಸಿ ಒಂಥರಾ ಆಗಿತ್ತು.

ಹೆಂಡದಂಗಡಿಯಿಂದ ಪದ ಕುದುರೆ ಲಾಯಕ್ಕೆ ಹೋಯಿತು. 18ನೇ ಶತಮಾನದ ನಡುವಿನಲ್ಲಿ ಎರಡು ಕುದುರೆಗಳ ನಡುವೆ ಪಂದ್ಯ ಕಟ್ಟುವಾಗ ಇದೇ ಪದ್ಧತಿ ಹಿಡಿದರು. ಒಂದು ಕುದುರೆ ಜೋರು, ಇನ್ನೊಂದು ಸುಮಾರು. ಹಾಗೇ ಓಡಿಸಿದರೆ ಪಂದ್ಯದಲ್ಲಿ ರಸ ಇಲ್ಲ. ಪಂಚನಾದವನು ಜೋರು ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೊರಿಸುತ್ತಾನೆ. ಮಾಲೀಕರು ಒಪ್ಪಿಗೆಯನ್ನು ಟೋಪಿಯೊಳಗಿನ ಕೈಯಲ್ಲಿ ಹೇಳುತ್ತಾರೆ. ಬರಬರುತ್ತಾ ಟೋಪಿ ಮರೆಯಾಯಿತು, ಆ ತೂಕಕ್ಕೇ ಹ್ಯಾಂಡಿಕ್ಯಾಪ್ ಅಂತ ಹೆಸರು ಉಳಿಯಿತು. ತೂಕ ನಿರ್ಧರಿಸುವವನು ಹ್ಯಾಂಡಿಕ್ಯಾಪರ್. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಅಡ್ಮಿರಲ್ ರೌಸ್ ಎಂಬಾತ ಈ ಕೆಲಸವನ್ನೇ ಒಂದು ಶಾಸ್ತ್ರ ಮಾಡಿಬಿಟ್ಟ: ಯಾವ ವಯಸ್ಸಿನ ಕುದುರೆ, ಯಾವ ತಿಂಗಳಲ್ಲಿ, ಎಷ್ಟು ದೂರಕ್ಕೆ, ಎಷ್ಟು ತೂಕ ಹೊರಬೇಕು ಅಂತ ಪಟ್ಟಿ ಹಾಕಿದ.

ಇದು ನನಗೆ ಹೊಸ ಸುದ್ದಿ ಆಗಬಾರದಿತ್ತು. ನಮ್ಮ ಮನೆಯಲ್ಲೇ ಒಂದು ರೇಸ್ ಪುಸ್ತಕ ಇತ್ತು.

ಅಮ್ಮನ ತಮ್ಮ, ನಮ್ಮ ಸೋದರಮಾವ, ಬೆಂಗಳೂರಿನ ಚಾಮರಾಜಪೇಟೆಯಲ್ಲಿದ್ದ. ಗುಮಾಸ್ತೆ ಕೆಲಸ. ಸಂಬಳದ ಒಂದು ಪಾಲು ಮನೆ ಬಾಡಿಗೆಗೆ, ಒಂದು ಪಾಲು ಅತ್ತೆಯ ಕೈಗೆ, ಉಳಿದದ್ದು ಕುದುರೆ ಬಾಲಕ್ಕೆ. ರಜಕ್ಕೆ ಹೋದಾಗಲೆಲ್ಲ ಅವನು ಚಾಪೆಯ ಮೇಲೆ ಮೊಣಕೈ ಊರಿ ರೇಸ್ ಪುಸ್ತಕಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಇರುತ್ತಿದ್ದ. ಪಕ್ಕದಲ್ಲಿ ಕಾಫಿ ಲೋಟ, ಲೋಟದ ಮೇಲೆ ಕೆನೆ ಕಟ್ಟಿರುತ್ತಿತ್ತು. ನಾನು ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಬಿಚ್ಚಿ ಗೋಡೆಗೆ ಒರಗಿಸಿ ಅವನ ಪಕ್ಕ ಜರುಗುತ್ತಿದ್ದೆ.

"ಇಲ್ಲಿ ನೋಡು ಪುಟ್ಟಿ. ಈ ಕುದುರೆ ಅರವತ್ತು ಕೆಜಿ ಹೊತ್ಕೊಂಡು ಓಡ್ಬೇಕು. ಇದಕ್ಕೆ ಐವತ್ತೊಂದೇ. ಯಾಕೆ ಹೇಳು?"

"ಅದು ದಪ್ಪ ಇದೆಯಾ ಮಾವ?"

"ದಪ್ಪ ಅಲ್ವೇ. ಅದು ಹೋದ ಮೂರು ರೇಸೂ ಗೆದ್ದಿದೆ. ಅದಕ್ಕೇ ಹೊರಿಸಿದಾರೆ. ಜಾಕಿ ತೂಕ ಕಮ್ಮಿ ಬಂದ್ರೆ ಜೀನಿನ ಕೆಳಗೆ ಸೀಸದ ತುಂಡು ಇಡ್ತಾರೆ."

ಸೀಸದ ತುಂಡು ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ ಕ್ಯಾಲಿಪರ್ ಎರಡು ಕಬ್ಬಿಣದ ಸಲಾಕೆ, ಮೂರು ತೊಗಲಿನ ಪಟ್ಟಿ, ಅಡಿಯಲ್ಲಿ ಒಂದು ಕರೀ ಬೂಟು. ಮಂಡಿಯ ಹತ್ತಿರ ಎರಡು ಕಡೆ ಬಳೆಯಂಥ ಬೀಗ. ಎದ್ದು ನಿಂತ ಮೇಲೆ ಬೀಗ ಕೆಳಕ್ಕೆ ಜಾರಿ 'ಟಕ್' ಅಂತ ಕೂರಬೇಕು, ಆಗ ಕಾಲು ಕೋಲಾಗುತ್ತದೆ. ಕೂರುವಾಗ ಎರಡೂ ಬೆರಳಲ್ಲಿ ಅದನ್ನು ಮೇಲಕ್ಕೆತ್ತಬೇಕು. ತರಗತಿಯಲ್ಲಿ ಮೇಷ್ಟ್ರು ಬಂದಾಗ ಎಲ್ಲರೂ ಎದ್ದು ನಮಸ್ತೆ ಹೇಳಿ ಕೂತ ಮೇಲೆ ನನ್ನದೊಂದು ಟಕ್ ಕೇಳುತ್ತಿತ್ತು.

ಅದೇ ಮಾವ ಅದೇ ಪದವನ್ನು ಇನ್ನೊಂದು ಕಡೆಯೂ ಬಳಸುತ್ತಿದ್ದ. ಬಸ್ಸಿನಲ್ಲಿ ಜನ ಜಾಸ್ತಿ ಇದ್ದರೆ ನನ್ನನ್ನು ಮುಂದೆ ತಳ್ಳಿ, "ಮಗು ಹ್ಯಾಂಡಿಕ್ಯಾಪ್ಡು ಕಣಪ್ಪಾ, ಸ್ವಲ್ಪ ಜಾಗ ಬಿಡಿ" ಅನ್ನುತ್ತಿದ್ದ. ಎರಡೂ ಒಂದೇ ಪದ ಅಂತ ಅವನಿಗೂ ಹೊಳೆದಿರಲಿಲ್ಲ, ನನಗೂ ಇಲ್ಲ. ಪುಸ್ತಕದ್ದು ಕುದುರೆಯದು, ಬಸ್ಸಿನದು ನನ್ನದು.

ಕುದುರೆಯಿಂದ ಮನುಷ್ಯರಿಗೆ ಪದ ಬಂದದ್ದು ನಿಧಾನವಾಗಿ. ಮೊದಲು ಗಾಲ್ಫಿನಂಥ ಬೇರೆ ಆಟಗಳಿಗೆ ಹೋಯಿತು, ಆಮೇಲೆ ಯಾವುದೇ ಅಡಚಣೆಗೂ ಹ್ಯಾಂಡಿಕ್ಯಾಪ್ ಅನ್ನುವುದು ರೂಢಿಯಾಯಿತು. ದೇಹದ, ಬುದ್ಧಿಯ ಕೊರತೆಗೆ ಅದು ಅಂಟಿಕೊಂಡದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ಆಗಿನ ಇಂಗ್ಲಿಷಿನಲ್ಲಿ ಚಾಲ್ತಿಯಲ್ಲಿದ್ದ ಬೇರೆ ಪದಗಳನ್ನು ನೋಡಿದರೆ ಇದು ಸಭ್ಯವಾದ ಪದ, ಮರ್ಯಾದೆ ಕೊಡಲೆಂದೇ ತಂದದ್ದು. ಕುಂಟ, ಹೆಳವ ಅನ್ನುವ 'ಕ್ರಿಪಲ್'ಗೆ ತೆವಳುವುದು ಅನ್ನುವ ಅರ್ಥದ 'ಕ್ರೀಪ್' ಜೊತೆ ಬೇರಿನ ನಂಟು. ತೆವಳುವವಳು ಅನ್ನಿಸಿಕೊಳ್ಳುವುದಕ್ಕಿಂತ ತೂಕ ಹೊತ್ತವಳು ಅನ್ನಿಸಿಕೊಳ್ಳುವುದು ವಾಸಿಯೇ.

ಮರ್ಯಾದೆಯ ಆಯಸ್ಸು ಬಹಳ ಇರಲಿಲ್ಲ. ಅಮೆರಿಕದಲ್ಲಿ 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಒಂದು ದೊಡ್ಡ ಕಾನೂನು ಬಂದಾಗ ಅದರ ಹೆಸರಿನಲ್ಲೇ 'ಹ್ಯಾಂಡಿಕ್ಯಾಪ್ಡ್' ಇತ್ತು. 1990ರಲ್ಲಿ ಅದನ್ನು ಕಿತ್ತು 'ಡಿಸೆಬಿಲಿಟೀಸ್' ಅಂತ ಹಾಕಿದರು. 'ಹ್ಯಾಂಡಿಕ್ಯಾಪ್ ಇಂಟರ್‌ನ್ಯಾಷನಲ್' ಎಂಬ ಜಾಗತಿಕ ಸಂಸ್ಥೆ 2018ರಲ್ಲಿ ಹೆಸರು ಬದಲಿಸಿಕೊಂಡಿತು. ಬೆಂಗಳೂರಿನಲ್ಲೂ ಇದಕ್ಕೊಂದು ಸಾಕ್ಷಿ ಇದೆ. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ ಮೊದಲು 'ಅಸೋಸಿಯೇಷನ್ ಆಫ್ ದ ಫಿಸಿಕಲಿ ಹ್ಯಾಂಡಿಕ್ಯಾಪ್ಡ್'. ಈಗ ಅದೇ ಸಂಸ್ಥೆ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ'. ಸ್ಥಾಪಿಸಿದವರೇ ಗಾಲಿಕುರ್ಚಿಯಲ್ಲಿದ್ದರು, ಹೆಸರನ್ನು ಅವಮಾನ ಅಂತ ಇಟ್ಟುಕೊಂಡಿರಲಾರರು. ಒಂದು ಪದ ಆ ಕಾಲಕ್ಕೆ ಸರಿ ಇತ್ತು, ಈ ಕಾಲಕ್ಕೆ ಇಲ್ಲ. ಇದರಲ್ಲಿ ಸುಳ್ಳು ರಾಜನೊಬ್ಬನನ್ನು ಎಳೆದು ತರುವ ಅಗತ್ಯ ಏನಿತ್ತು?

ಅದನ್ನು ನನ್ನನ್ನೇ ಕೇಳಿಕೊಂಡೆ. ಹೆನ್ರಿ ನನಗೆ ಯಾಕೆ ಅಷ್ಟು ಇಷ್ಟವಾಗಿದ್ದ? ಸಿಟ್ಟು ಮಾಡಿಕೊಳ್ಳುವುದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದ, ಅದಕ್ಕೆ. ಮದುವೆ ದಲ್ಲಾಳಿ ನನ್ನ ಅಪ್ಪನ ಮುಂದೆ "ಹುಡುಗಿ ಡಿಗ್ರಿ, ಲಕ್ಷಣವಾಗಿದಾಳೆ, ಸ್ವಲ್ಪ ಹ್ಯಾಂಡಿಕ್ಯಾಪ್ಡು, ಮನೆಕೆಲಸಕ್ಕೇನೂ ತೊಂದರೆ ಇಲ್ಲ" ಅಂತ ಯಾರಿಗೋ ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಆದರೆ ಆತನ ಮೇಲೆ ಹೇಗೆ ಸಿಟ್ಟಾಗುವುದು? ಪಾಪ, ಆತ ನನ್ನ ಪರವಾಗಿಯೇ ವಾದಿಸುತ್ತಿದ್ದ. ಆ 'ಸ್ವಲ್ಪ' ಆತ ನನಗೆ ಕೊಟ್ಟ ರಿಯಾಯಿತಿ. ಪದದೊಳಗೆ ಒಬ್ಬ ದುಷ್ಟ ರಾಜ ಅಡಗಿದ್ದಾನೆ ಅಂದಾಗ, ದಲ್ಲಾಳಿಯನ್ನೂ ಅಪ್ಪನನ್ನೂ ಮಾವನನ್ನೂ ಬಿಟ್ಟು ಸೀದಾ ಅವನ ಮೇಲೆ ಹೋಗಬಹುದಿತ್ತು. ಅವನನ್ನು ಕಿತ್ತುಕೊಂಡರೆ ನನ್ನ ಸಿಟ್ಟಿಗೆ ಮನೆ ಇಲ್ಲದಂತಾಯಿತು.

ಪೂರ್ತಿ ಕಿತ್ತುಕೊಳ್ಳುವುದಕ್ಕೂ ಆಗುವುದಿಲ್ಲ ಅನ್ನುವುದು ಇದರ ತಮಾಷೆ. ಎಂಟನೆಯ ಹೆನ್ರಿಯ ಕಾಲದಲ್ಲಿ, 1531ರಲ್ಲಿ, ಭಿಕ್ಷುಕರ ಬಗ್ಗೆ ನಿಜಕ್ಕೂ ಒಂದು ಕಾನೂನು ಬಂದಿತ್ತು. ಮೈ ಗಟ್ಟಿ ಇದ್ದೂ ಬೇಡಿದವನಿಗೆ ಚಾಟಿ. ವಯಸ್ಸಾದವರು, ದುಡಿಯಲಾಗದವರಿಗೆ ಮಾತ್ರ ನ್ಯಾಯಾಧೀಶರು ಒಂದು ಪರವಾನಗಿ ಪತ್ರ ಕೊಡಬಹುದು. ಅದರಲ್ಲಿ ಹೆಸರು ಇರುತ್ತದೆ, ಇಂಥ ಗಡಿಯೊಳಗೆ ಮಾತ್ರ ಬೇಡಬೇಕು ಅಂತ ಇರುತ್ತದೆ. ಗಡಿ ದಾಟಿದರೆ ಶಿಕ್ಷೆ. ಟೋಪಿಗೂ ಇದಕ್ಕೂ ಸಂಬಂಧ ಇಲ್ಲ, ಪದಕ್ಕೂ ಇಲ್ಲ. ಆದರೆ ಓದುತ್ತಾ ಓದುತ್ತಾ ನಾನು ನನ್ನ ಬ್ಯಾಗಿಗೆ ಕೈ ಹಾಕಿ ಬಸ್ ಪಾಸ್ ತೆಗೆದು ನೋಡಿದೆ.

ಗೊತ್ತಿಲ್ಲದವರಿಗೆ: ಕೆಎಸ್‌ಆರ್‌ಟಿಸಿ ನಮಗೆ ಕೊಡುವ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ತನಕ. ತುಮಕೂರಿನಿಂದ ಬೆಂಗಳೂರು 70, ಅಡ್ಡಿಯಿಲ್ಲ. ಅಕ್ಕನ ಮನೆ ಶಿವಮೊಗ್ಗ, ಅಲ್ಲಿಗೆ ನಡೆಯುವುದಿಲ್ಲ. ವರ್ಷ ವರ್ಷ ಹೊಸದಾಗಿ ಮಾಡಿಸಬೇಕು. ಸವಲತ್ತು ಕೊಟ್ಟವರನ್ನು ಚಾಟಿ ಬೀಸುವ ರಾಜನಿಗೆ ಹೋಲಿಸುತ್ತಿಲ್ಲ, ಆ ಪಾಸಿಲ್ಲದಿದ್ದರೆ ಎಷ್ಟೋ ಮಕ್ಕಳು ಕಾಲೇಜಿನ ಮುಖ ನೋಡುತ್ತಿರಲಿಲ್ಲ. ಸಹಿ, ಮೊಹರು, ಫೋಟೊ, ಗಡಿ. ಕಾಗದದ ರೂಪ ಮಾತ್ರ ಐನೂರು ವರ್ಷದಲ್ಲಿ ಹೆಚ್ಚು ಬದಲಾಗಿಲ್ಲ ಅನ್ನಿಸಿತು, ಅಷ್ಟೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಈ ಲೆಕ್ಕವನ್ನೇ ಅಡಿಮೇಲು ಮಾಡಿತು. ಈಗ ನಾನು ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾರೆ, ಬೀದರಿನವರೆಗೂ ಹೋಗಬಹುದು. ಅಂಗವಿಕಲೆಯಾಗಿ 100 ಕಿಲೋಮೀಟರ್, ಹೆಂಗಸಾಗಿ ಇಡೀ ಕರ್ನಾಟಕ! ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿದೆ.

ನಮ್ಮ ಕನ್ನಡ ಪದಗಳ ವಿಷಯ ಬೇರೆಯೇ ಒಂದು ರಾಮಾಯಣ. ಶಾಲೆಯಲ್ಲಿ ನಾನು ಕುಂಟಿ. ಬೈದಾಗ ಅಷ್ಟೇ ಅಲ್ಲ, ಕರೆಯುವಾಗಲೂ. ಎರಡು ಜಡೆಯವಳು, ಕನ್ನಡಕದವಳು ಅನ್ನುವ ಹಾಗೆ. ಆ ಮಕ್ಕಳೇ ನನ್ನ ಚೀಲ ಹೊತ್ತರು, ಕುಂಟಾಬಿಲ್ಲೆ ಆಡುವಾಗ ನನ್ನನ್ನು ಪಂಚಾಯ್ತಿಗೆ ಕೂರಿಸಿದರು. (ಎರಡು ಕಾಲಿದ್ದವರು ಬೇಕೆಂದೇ ಒಂಟಿ ಕಾಲಲ್ಲಿ ಕುಪ್ಪಳಿಸುವ ಆಟಕ್ಕೆ ನಾನು ತೀರ್ಪುಗಾರ್ತಿ. ಆಗ ನನಗೆ ಅದರಲ್ಲಿ ಯಾವ ವ್ಯಂಗ್ಯವೂ ಕಂಡಿರಲಿಲ್ಲ. ಗೆರೆ ತುಳಿದವರನ್ನು ಹಿಡಿಯುವುದರಲ್ಲಿ ನಾನು ಬಲು ಕಟ್ಟುನಿಟ್ಟು.) ಊರಿಗೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು, ನಮ್ಮ ಮನೆತನದ ಏಳು ತಲೆಮಾರಿನ ಹೆಸರು ಬಾಯಲ್ಲೇ ಒಪ್ಪಿಸುತ್ತಿದ್ದರು. ಹೆಳವ ಅಂದರೂ ಕಾಲಿಲ್ಲದವನೇ. ಅವರಿಗೆ ಅದು ಕುಲದ ಹೆಸರು, ಹೇಳಿಕೊಂಡು ಬೀಗುವ ಹೆಸರು. ಹಾಗೆ ನೋಡಿದರೆ ಈಗಲೂ ನಾವು ಕುಂಟು ನೆಪ ಅನ್ನುತ್ತೇವೆ, ಪೇಪರಿನವರು ಮೇಲ್ಸೇತುವೆ ಕಾಮಗಾರಿ ಕುಂಟುತ್ತಾ ಸಾಗಿದೆ ಅಂತ ಬರೆಯುತ್ತಾರೆ. ನಾನು ಕುಂಟುತ್ತಾ ಸಾಗಿ ಎಂದೂ ಕಚೇರಿಗೆ ತಡವಾಗಿ ಹೋದವಳಲ್ಲ. ಆ ಕಾಮಗಾರಿಗೂ ನನಗೂ ಹೋಲಿಕೆ ಬೇಡ.

ಸರ್ಕಾರಕ್ಕೆ ನಾವು ಮೊದಲು ಅಂಗವಿಕಲರು, ಆಮೇಲೆ ವಿಕಲಚೇತನರು. ಬದಲಾವಣೆ ಮಾಡಿದವರ ಮನಸ್ಸು ಒಳ್ಳೆಯದೇ ಇರಬಹುದು, ವ್ಯಾಕರಣ ಕೈಕೊಟ್ಟಿತು. ಅಂಗವಿಕಲ ಅಂದಾಗ ವಿಕಲವಾದದ್ದು ಒಂದು ಅಂಗ; ವಿಕಲಚೇತನ ಅಂದಾಗ ಚೇತನವೇ ವಿಕಲ. ಎಡಗಾಲಿನಲ್ಲಿದ್ದ ರೋಗವನ್ನು ಆತ್ಮಕ್ಕೆ ಏರಿಸಿದ ಹಾಗಾಯಿತು! ಈ ಮಾತನ್ನು ನಮ್ಮವರು ಬಹಳ ಜನ ಹೇಳಿದ್ದಾರೆ, ಇಲಾಖೆಯ ಹೆಸರು ಮಾತ್ರ ಹಾಗೇ ಇದೆ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರೇಡಿಯೊ ಭಾಷಣದಲ್ಲಿ 'ದಿವ್ಯಾಂಗ' ಅಂದರು. ನನ್ನ ಎಡಗಾಲನ್ನು ಚೆನ್ನಾಗಿ ಬಲ್ಲ ನಾನು ಅದರಲ್ಲಿ ದಿವ್ಯವಾದದ್ದನ್ನು ಇನ್ನೂ ಹುಡುಕುತ್ತಲೇ ಇದ್ದೇನೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗೆಯ ಕುರಿತ ಒಂದು ತೀರ್ಪಿನಲ್ಲಿ, ಕ್ರಿಪಲ್, ಸ್ಪಾಸ್ಟಿಕ್‌ನಂಥ ಪದಗಳು ಹೀಗಳೆಯುವ ಅರ್ಥ ಪಡೆದುಕೊಂಡಿವೆ ಅಂತ ಹೇಳಿತು. ಇಂಗ್ಲಿಷಿನ ಎರಡು ಪದಕ್ಕೆ ನ್ಯಾಯ ಸಿಕ್ಕಿತು. ಕನ್ನಡದ ಕುಂಟ, ಕುರುಡ, ಕಿವುಡ, ಮೂಗರು ಇನ್ನೂ ಸರದಿಯಲ್ಲಿದ್ದಾರೆ.

ಇಷ್ಟರ ನಡುವೆ ಹ್ಯಾಂಡಿಕ್ಯಾಪ್ ನಮ್ಮೂರಲ್ಲಿ ಹಾಯಾಗಿದೆ. ಇಂಗ್ಲೆಂಡ್ ಅಮೆರಿಕದಲ್ಲಿ ಯಾರೂ ಮುಖಕ್ಕೆ ಹೇಳದ ಪದ ಇಲ್ಲಿ ಬ್ಯಾಂಕಿನ ಸಾಲಿನಲ್ಲಿ, ಕೋಟಾದಲ್ಲಿ, ಪಕ್ಕಕ್ಕೆರಡು ಚಕ್ರ ಜೋಡಿಸಿದ ಸ್ಕೂಟರಿನ ಹಿಂದೆ ಕೆಂಪು ಅಕ್ಷರದಲ್ಲಿ. ಕಚೇರಿಯಲ್ಲಿ ನಾನು 'ಪಿ.ಎಚ್. ಮೇಡಂ', ಅಂದರೆ ಫಿಸಿಕಲಿ ಹ್ಯಾಂಡಿಕ್ಯಾಪ್ಡ್. ಆ ಎಚ್ ಅದೇ ಎಚ್. ಯಾರೂ ಅದನ್ನು ಬೈಗುಳ ಅಂತ ಹೇಳುವುದಿಲ್ಲ. ಹೇಳುವ ದನಿಯಲ್ಲಿ ಇರುವುದು ಬೇರೆ: ಇವರ ಕೆಲಸ ಹೀಗೆ ಬಂದದ್ದು, ನೆನಪಿರಲಿ.

ಆ ಕಚೇರಿಯ ಬಗ್ಗೆ ಒಂದು ಮಾತು. ಹೆಸರು ಬೇಡ, ಇನ್ನೂ ಐದಾರು ವರ್ಷ ಅಲ್ಲೇ ಇರಬೇಕು. ನನ್ನ ಶಾಖೆ ಮೊದಲ ಮಹಡಿಯಲ್ಲಿ, 22 ಮೆಟ್ಟಿಲು. ಕಟ್ಟಡದ ನಕ್ಷೆಯಲ್ಲಿ ಲಿಫ್ಟ್ ಇದೆ, ಲಿಫ್ಟಿಗೆ ಅಂತ ಬಿಟ್ಟ ಜಾಗವೂ ಇದೆ. ಅಲ್ಲಿ ಈಗ ಹಳೇ ಕಡತಗಳು ಕೆಂಪು ಬಟ್ಟೆಯ ಗಂಟುಗಳಲ್ಲಿ ಚಾವಣಿ ಮುಟ್ಟಿವೆ. ನೆಲಮಹಡಿಗೆ ಹಾಕಿಕೊಡಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಆ ಅರ್ಜಿಗಳೂ ಬಹುಶಃ ಅದೇ ಗಂಟುಗಳಲ್ಲಿ ಸೇರಿಕೊಂಡಿರಬೇಕು. ಒಂದು ದಿನ ಹನ್ನೊಂದನೆಯ ಮೆಟ್ಟಿಲಲ್ಲಿ, ದಾರಿ ತಿರುಗುವಲ್ಲಿ, ಕಂಬಿ ಹಿಡಿದು ಉಸಿರು ಬಿಡುತ್ತಾ ನಿಂತಿದ್ದಾಗ ಮಾವನ ರೇಸ್ ಪುಸ್ತಕ ನೆನಪಾಯಿತು.

ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಒಂದು ವರ್ಗೀಕರಣ ಮಾಡಿತ್ತು. ಮೂರು ಪದ, ಮೂರಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದು ಊನ: ನನ್ನ ಎಡಗಾಲಿನ ಸ್ನಾಯು ಸತ್ತಿದೆ. ಎರಡನೆಯದು ಅದರಿಂದ ಆಗದೆ ಹೋಗುವುದು: ಮೆಟ್ಟಿಲು ಹತ್ತುವುದು ಕಷ್ಟ. ಮೂರನೆಯದು, ಅದರಿಂದ ಸಮಾಜದ ಬದುಕಿನಲ್ಲಿ ಬೀಳುವ ಹೊಡೆತ: ಶಾಖೆ ಮಹಡಿಯಲ್ಲಿರುವುದರಿಂದ ಕೆಲಸಕ್ಕೇ ಕುತ್ತು. ಈ ಮೂರನೆಯದಕ್ಕೆ ಅವರು ಇಟ್ಟ ಹೆಸರು ಹ್ಯಾಂಡಿಕ್ಯಾಪ್. 2001ರಲ್ಲಿ ಹೊಸ ವರ್ಗೀಕರಣ ಬಂದಾಗ ಆ ಪದವನ್ನು ಕೈಬಿಟ್ಟರು. ಬಿಡಬೇಕಾದ್ದೇ, ಅಷ್ಟು ಹೊತ್ತಿಗೆ ಅದು ಮೈಲಿಗೆಯಾಗಿತ್ತು. ಆದರೆ ಆ ಸ್ವಲ್ಪ ಕಾಲ ಪದ ತನ್ನ ಹುಟ್ಟೂರಿನ ಹತ್ತಿರಕ್ಕೆ ಹೋಗಿ ಬಂದಿತ್ತು ಅನ್ನಿಸುತ್ತದೆ. ಕುದುರೆ ಲಾಯದಲ್ಲಿ ಹ್ಯಾಂಡಿಕ್ಯಾಪ್ ಕುದುರೆಯ ಕಾಲಿನಲ್ಲಿ ಇರಲೇ ಇಲ್ಲ. ಅದು ಜೀನಿನ ಕೆಳಗಿನ ಸೀಸ. ಒಬ್ಬ ಮನುಷ್ಯ ಲೆಕ್ಕ ಹಾಕಿ, ಸಹಿ ಮಾಡಿ, ಹೊರಗಿನಿಂದ ಇಟ್ಟದ್ದು. ರೇಸ್ ಮುಗಿದ ಮೇಲೆ ತೆಗೆದುಬಿಡುವಂಥದ್ದು. ನನ್ನ 22 ಮೆಟ್ಟಿಲಿಗೂ ಯಾರೋ ಒಬ್ಬರು ಸಹಿ ಹಾಕಿದ್ದಾರೆ. ಲಿಫ್ಟಿನ ಜಾಗದಲ್ಲಿ ಕಡತ ಇಡಿ ಅಂತ ಹೇಳಿದವರೂ ಒಬ್ಬರು ಇರಲೇಬೇಕು.

ಬೇಕಾದರೆ ಇಲ್ಲಿಗೆ ನನ್ನ ಹೊಸ ಭಾಷಣ ಸಿದ್ಧ. ಹೆನ್ರಿಯ ಜಾಗಕ್ಕೆ ಕುದುರೆ. ಆದರೆ ಒಂದು ಸಲ ಟೋಪಿ ಹಾಕಿಸಿಕೊಂಡವಳಿಗೆ ಭಯ ಇರುತ್ತದೆ. ಈ ಕಥೆಯೂ ಅತಿ ಚೆಂದ ಇದೆ. ನಿಜವೇ, ಆದರೂ ಅತಿ ಚೆಂದ.

ಮಾವನೇ ಒಮ್ಮೆ ಇದನ್ನು ಹೇಳಿದ್ದ ಅನ್ನುವುದು ಆಮೇಲೆ ನೆನಪಾಯಿತು. ನನಗೆ ಆಗ ಹದಿನೇಳು. ಸರ್ಟಿಫಿಕೇಟ್ ಮಾಡಿಸಲು ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗಿದ್ದ. ಡಾಕ್ಟರು ಬಟ್ಟೆಯಂಗಡಿಯವರ ಹಾಗೆ ಟೇಪು ಹಿಡಿದು ಎರಡೂ ಕಾಲು ಅಳೆದರು, ಮಂಡಿ ಮಡಚಿಸಿದರು, ಪಕ್ಕದವರಿಗೆ ಒಂದು ಸಂಖ್ಯೆ ಹೇಳಿದರು. ಶೇಕಡಾ 50. ಸವಲತ್ತಿಗೆ ಬೇಕಾದ ನಲವತ್ತು ದಾಟಿದೆ, ಬಚಾವು ಅಂತ ಮಾವ ಉಸಿರು ಬಿಟ್ಟ. ಟೈಪ್ ಮಾಡಿದ ಕಾಗದದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ 'ಆರ್ಥೊಪೆಡಿಕಲಿ ಹ್ಯಾಂಡಿಕ್ಯಾಪ್ಡ್' ಅಂತ ಇತ್ತು. ಹೊರಗೆ ಬಂದು ಮರದ ಕೆಳಗಿನ ಕಟ್ಟೆಯಲ್ಲಿ ಕೂತು ಅತ್ತೆ. ಯಾಕೆ ಅತ್ತೆ ಅಂತ ಈಗ ಹೇಳುವುದು ಕಷ್ಟ. ಅರ್ಧ ಮನುಷ್ಯಳು ಅಂತ ಲೆಕ್ಕ ಹಾಕಿ ಕೊಟ್ಟರು ಅನ್ನಿಸಿತ್ತೋ ಏನೋ. ಮಾವ ಕಬ್ಬಿನ ಹಾಲು ತಂದುಕೊಟ್ಟ.

"ಅಳ್ತೀಯಾ ಯಾಕೆ? ಹ್ಯಾಂಡಿಕ್ಯಾಪ್ ಹಾಕೋದು ಗೆಲ್ಲೋ ಕುದುರೆಗೆ ಕಣೇ."

ಸುಮ್ಮನೆ ಸಮಾಧಾನಕ್ಕೆ ಹೇಳಿದ್ದು. ನನಗೆ ಆಗ ಇನ್ನೂ ಸಿಟ್ಟು ಬಂತು. ಇವತ್ತೂ ಆ ಮಾತು ಪೂರ್ತಿ ಒಳಗಿಳಿದಿಲ್ಲ. ದಿವ್ಯಾಂಗದ ಸಕ್ಕರೆಯೇ ಇದರಲ್ಲೂ ಇದೆ. ಗೆಲ್ಲುವ ಕುದುರೆಗೆ ತೂಕ ಹೊರಿಸುವವರು ಮಿಕ್ಕ ಕುದುರೆಗಳಿಗೂ ನ್ಯಾಯ ಸಿಗಲಿ ಅಂತ ಹೊರಿಸುತ್ತಾರೆ; ನನ್ನ ಮೆಟ್ಟಿಲಿನಿಂದ ಯಾರಿಗೆ ನ್ಯಾಯ ಸಿಕ್ಕಿತು? ಅದೂ ಅಲ್ಲದೆ ಮಾವನ ಅರವತ್ತು ಕೆಜಿ ಕುದುರೆಗಳು ಗೆದ್ದದ್ದು ಅಷ್ಟಕ್ಕಷ್ಟೆ. ಅವನು ಸತ್ತಾಗ ಅತ್ತೆಯ ಕೈಯಲ್ಲಿ ಎರಡು ಬಳೆ ಇತ್ತು, ಟ್ರಂಕಿನಲ್ಲಿ ಮೂವತ್ತು ವರ್ಷದ ರೇಸ್ ಪುಸ್ತಕ.

ಇಂಗ್ಲಿಷ್ ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ, ಹೆನ್ರಿಯೂ ಇಲ್ಲ, ಕೈಯಲ್ಲಿ ಟೋಪಿಯೂ ಇಲ್ಲ ಅಂತ. ಅವರು ನಕ್ಕು, "ಹಾಗಾದ್ರೆ ಈಗ ಆ ಪದ ಬಳಸಬಹುದಾ?" ಅಂದರು. ಬೇಡ ಸರ್ ಅಂದೆ. ಯಾಕೆ ಅಂತ ಕೇಳಿದರು. ಈಗ ಕಾರಣ ಹೇಳುವುದು ಮೊದಲಿನಷ್ಟು ಸುಲಭ ಇರಲಿಲ್ಲ. ರಾಜ ಇದ್ದಾಗ ಒಂದು ವಾಕ್ಯ ಸಾಕಿತ್ತು. ಹೇಳುವವರ ಬಾಯಲ್ಲಿ ಅದು ನನ್ನ ಕಾಲಿನ ಹೆಸರಲ್ಲ, ನನ್ನದೇ ಹೆಸರಾಗಿಬಿಟ್ಟಿದೆ ಸರ್, ಅದಕ್ಕೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳ ಮದುವೆ ವಿಷಯ ತೆಗೆದರು.

ಅಮ್ಮನಿಗೆ ಈಗ 78. ಹದಿನೇಳನೇ ವಯಸ್ಸಿನ ಆ ಸರ್ಟಿಫಿಕೇಟನ್ನು ಅವಳೇ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದಾಳೆ, ಮೂಲೆ ಹಳದಿಯಾಗಿದೆ. ಈಗ ಅದು ಎಲ್ಲೂ ನಡೆಯುವುದಿಲ್ಲ. ಅಂಗವಿಕಲರ ಗುರುತಿಗೆ ಯುಡಿಐಡಿ ಅಂತ ಪ್ಲಾಸ್ಟಿಕ್ ಕಾರ್ಡು ಬಂದಿದೆ, ಬಸ್ಸಿಗೆ ಅದೂ ಬೇಡ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ. ನಾನು ಎದ್ದು, ಬೀಗ ಟಕ್ ಅಂದ ಸದ್ದಿಗೆ, ಒಳಗಿನಿಂದ ಅವಳ ದನಿ ಬರುತ್ತದೆ.

"ಹ್ಯಾಂಡಿಕಾಪು ಕಾಗದ ಇಟ್ಕೊಂಡ್ಯೇನೇ?"

"ಇಟ್ಕೊಂಡಿದೀನಮ್ಮ."